ಯಾರ ಹೆಸರು ದೊಡ್ಡದು?

ಅಂಗಡಿಯ ಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರತಕ್ಕದ್ದು, ಅದು ಫಲಕದ ಮೇಲ್ಭಾಗದಲ್ಲಿಯೇ ಇರತಕ್ಕದ್ದು ಎಂದು 2024ರಲ್ಲಿ ನಮ್ಮ ವಿಧಾನಮಂಡಲ ಕಾಯಿದೆ ಮಾಡಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಂದ ತಿದ್ದುಪಡಿ ಇದು. ಅಂದಿನಿಂದ ಕಲಬುರಗಿಯ ಕಿರಾಣಾ ಬಜಾರಿನಲ್ಲಿ, ಸುಪರ್ ಮಾರ್ಕೆಟ್ಟಿನಲ್ಲಿ, ಕಮಲಾಪುರದ ಪೇಟೆಯಲ್ಲಿ ಸಣ್ಣ ಅಂಗಡಿಕಾರನ ತಲೆಯ ಮೇಲೆ ಒಂದು ಅಳತೆಪಟ್ಟಿ ತೂಗುತ್ತಿದೆ.

ಕಾಯಿದೆಯ ಉದ್ದೇಶವನ್ನು ನಾವು ಒಪ್ಪುತ್ತೇವೆ. ಈ ನಾಡಿನ ಬೀದಿಯಲ್ಲಿ ಈ ನಾಡಿನ ಭಾಷೆ ಎದ್ದು ಕಾಣಬೇಕು ಎಂಬುದಕ್ಕೆ ವಾದ ಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವವರು ಯಾರು? 1948ಕ್ಕೆ ಮೊದಲು ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಕಾಗದ ಓದಿಸಿಕೊಳ್ಳಲು ಉರ್ದು ಬಲ್ಲವರ ಮನೆಯ ಕಟ್ಟೆ ಹತ್ತಬೇಕಾಗಿದ್ದ ರೈತರ ಮೊಮ್ಮಕ್ಕಳು ನಾವು. ತನ್ನ ಭಾಷೆಯ ಅಕ್ಷರ ಕಣ್ಣೆದುರಿಗಿಲ್ಲದ ಸಂಕಟವೇನೆಂದು ಬೆಂಗಳೂರಿನವರು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅಳತೆಪಟ್ಟಿ ಹಿಡಿದವರು ಏನನ್ನು ಅಳೆಯುತ್ತಾರೆ, ಏನನ್ನು ಅಳೆಯದೆ ಬಿಡುತ್ತಾರೆ, ಅಳತೆಯ ಖರ್ಚನ್ನು ಯಾರ ಗಲ್ಲಾಪೆಟ್ಟಿಗೆಯಿಂದ ವಸೂಲು ಮಾಡುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ. ಅದನ್ನೇ ಇಲ್ಲಿ ಕೇಳುತ್ತಿದ್ದೇವೆ.

ಕಮಲಾಪುರದ ಪೇಟೆಯಲ್ಲಿ ಒಂದು ಸಲ ತಲೆಯೆತ್ತಿ ನಡೆದು ನೋಡಿ. ಒಂದು ಕಿರಾಣಿ ಅಂಗಡಿ. ಹತ್ತು ಅಡಿ ಉದ್ದದ ಬೋರ್ಡು. ಅದರಲ್ಲಿ ಏಳೆಂಟು ಅಡಿ ಒಂದು ತಂಪು ಪಾನೀಯದ ಕಂಪನಿಯ ಬಣ್ಣ, ಬಾಟಲಿಯ ಚಿತ್ರ, ಕಂಪನಿಯ ಹೆಸರು. ಕೊನೆಯ ಮೂಲೆಯಲ್ಲಿ, ಉಳಿದ ಗೇಣಗಲ ಜಾಗದಲ್ಲಿ, ಅಂಗಡಿಕಾರನ ಮನೆದೇವರ ಹೆಸರು, ಅದರ ಮುಂದೆ 'ಕಿರಾಣಿ ಸ್ಟೋರ್ಸ್'. ಪಕ್ಕದ ಅಂಗಡಿಯ ಬೋರ್ಡು ಮೊಬೈಲ್ ಕಂಪನಿಯದು. ಅದರ ಪಕ್ಕದ ಹಾರ್ಡ್‌ವೇರ್ ಅಂಗಡಿಯದು ಸಿಮೆಂಟಿನ ಕಂಪನಿಯದು. ಊರಿನ ಅಂಗಡಿಗಳೆಲ್ಲ ನಾಲ್ಕಾರು ದೂರದ ಧಣಿಗಳ ಶಾಖೆಗಳೋ ಎಂದು ಹೊಸಬರು ತಿಳಿದರೆ ತಪ್ಪೇನು?

ಇನ್ನು ಕಾಯಿದೆಯ ಪಟ್ಟಿಯನ್ನು ಈ ಬೋರ್ಡಿಗೆ ಹಿಡಿಯಿರಿ. ಕಂಪನಿ ಜಾಣ, ತನ್ನ ಹೆಸರನ್ನು ಕನ್ನಡ ಅಕ್ಷರದಲ್ಲಿಯೇ ಬರೆಸಿದೆ. ಅರವತ್ತಲ್ಲ, ನೂರಕ್ಕೆ ಎಂಬತ್ತು ಪಾಲು ಕನ್ನಡವಾಯಿತು! ಕಾಯಿದೆಗೆ ತೃಪ್ತಿಯಾಯಿತು, ಕನ್ನಡದ ಅಭಿಮಾನಿಗಳಿಗೂ ತೃಪ್ತಿಯಾಯಿತು. ಅಂಗಡಿಕಾರನ ಹೆಸರು ಮಾತ್ರ ಮೊದಲಿದ್ದಷ್ಟೇ ಗೇಣಗಲ. ಯಾವ ಭಾಷೆ ಎಷ್ಟು ಪಾಲು ಎಂದು ಕಾಯಿದೆ ಕೇಳಿತು. ಯಾರ ಹೆಸರು ಎಷ್ಟು ಪಾಲು ಎಂದು ಕೇಳಲಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಕೇಳಿದ್ದರೆ ದೊಡ್ಡ ಬಂಡವಾಳಕ್ಕೆ ಮುಳ್ಳು ಚುಚ್ಚುತ್ತಿತ್ತು; ಮೊದಲನೆಯದನ್ನು ಕೇಳಿದರೆ ಚುಚ್ಚುವುದು ಚಿಲ್ಲರೆ ವ್ಯಾಪಾರಿಗೆ ಮಾತ್ರ.

"ಬೋರ್ಡು ಪುಕ್ಕಟೆ ಕೊಟ್ಟರು ಸಾಹೇಬರೆ, ಬೇಡವೆನ್ನಲೇ?" ಎಂದು ಅಂಗಡಿಕಾರರು ನಮ್ಮನ್ನು ಕೇಳುತ್ತಾರೆ. ಬೇಡವೆನ್ನಿರಿ ಎಂದು ನಾವು ಹೇಳುವುದಿಲ್ಲ. ಲೆಕ್ಕ ಹಾಕಿರಿ ಎಂದು ಹೇಳುತ್ತೇವೆ. ಪಟ್ಟಣದಲ್ಲಿ ಮೂರಂತಸ್ತಿನ ಮನೆಯಿದ್ದವರು ಛಾವಣಿಯ ಮೇಲೆ ಕಂಪನಿಯ ಜಾಹೀರಾತು ನಿಲ್ಲಿಸಲು ಬಿಟ್ಟರೆ ಬಾಡಿಗೆ ಎಣಿಸಿಕೊಳ್ಳುತ್ತಾರೆ. ನಿಮ್ಮ ಅಂಗಡಿಯ ಹಣೆಯನ್ನು ವರ್ಷಾನುಗಟ್ಟಲೆ ಬಳಸಿಕೊಂಡು ಕಂಪನಿ ನಿಮಗೆ ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಮತ್ತೆ, ಬೋರ್ಡಿನಲ್ಲಿ ತಪ್ಪು ಕಂಡರೆ ನೋಟೀಸು ಬರುವುದು ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರಿಗೆ. ಹೆಸರು ಕಂಪನಿಯದು, ದಂಡ ನಿಮ್ಮದು!

ಇಷ್ಟು ಓದುವಷ್ಟರಲ್ಲಿ ಗಿರಣಿಯ ಗೆಳೆಯರಲ್ಲಿ ಕೆಲವರು ನಗಬಹುದು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಅಕ್ಷರ ದೊಡ್ಡದಾದರೇನು, ಸಣ್ಣದಾದರೇನು? ಪಗಾರದ ಮಾತು ಬರೆಯಿರಿ" ಎನ್ನಬಹುದು. ಪಗಾರದ ಮಾತೇ ಬರೆಯುತ್ತೇವೆ.

ಕಲಬುರಗಿ ತೊಗರಿಯ ನಾಡು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಬೇಳೆ ಗಿರಣಿಯಲ್ಲಿ ದುಡಿಯುವವರಿಗೆ ಅಕ್ಷರದ ಕಸುಬು ಹೊಸದೇನಲ್ಲ. ಗೋಣಿಚೀಲದ ಮೇಲೆ ಗಿರಣಿಯ ಮುದ್ರೆ ಒತ್ತಲು ತಗಡಿನಲ್ಲಿ ಅಕ್ಷರ ಕತ್ತರಿಸುತ್ತಿದ್ದರು. ಕನ್ನಡದ ಅಕ್ಷರಗಳು ದುಂಡಗಿನವು. 'ಠ' ಕತ್ತರಿಸಿದರೆ ನಡುವಿನ ತುಂಡು ಉದುರಿಬಿಡುತ್ತದೆ. ಅದು ಉದುರದಂತೆ ಅಲ್ಲಲ್ಲಿ ತಗಡಿನ ಎಳೆ ಉಳಿಸಿಕೊಂಡು, ಆದರೂ ಅಕ್ಷರ ಕೆಡದಂತೆ ಕತ್ತರಿಸಬೇಕು. ಅದನ್ನು ಬಲ್ಲ ತಗಡಿನ ಕೆಲಸಗಾರರು ಯಾವ ಕಲಾಶಾಲೆಗೂ ಹೋದವರಲ್ಲ. ಈಗ ನೇಯ್ದ ಪ್ಲಾಸ್ಟಿಕ್ ಚೀಲಗಳು ಬಣ್ಣ ಬಣ್ಣದ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿಯೇ ಬರುತ್ತವೆ. ಹೊರುವ ಹಮಾಲರು ಚೀಲವನ್ನು ಗುರುತಿಸುವುದು ಅದರ ಮೇಲಿನ ಗಿಳಿಯ, ಕಮಲದ, ಎತ್ತಿನ ಚಿತ್ರದಿಂದ. ಬೆನ್ನ ಮೇಲೆ ಹೊತ್ತ ಚೀಲದಲ್ಲಿ ಏನು ಬರೆದಿದೆ ಎಂದು ಹೊತ್ತವರಿಗೆ ಗೊತ್ತಿಲ್ಲ!

ಪಗಾರ ಚೀಟಿಗೆ ಬನ್ನಿರಿ. ಚೀಟಿ ಕೊಡುವ ಕಡೆಗಳಲ್ಲಿ ಅದು ಹೇಗಿರುತ್ತದೆ? ಮೇಲ್ಗಡೆ ಮಾಲಿಕರ ಹೆಸರು ಬೆರಳು ದಪ್ಪದ ಅಕ್ಷರದಲ್ಲಿ. ಕೆಳಗೆ ಭವಿಷ್ಯನಿಧಿಗೆ ಎಷ್ಟು ಮುರಿದರು, ಇ.ಎಸ್.ಐ.ಗೆ ಎಷ್ಟು ಮುರಿದರು, ಮುಂಗಡಕ್ಕೆ ಎಷ್ಟು ಹಿಡಿದರು ಎಂಬುದೆಲ್ಲ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಒಬ್ಬ ಕಾರ್ಮಿಕ ಮಿತ್ರರು ಮೂರು ವರ್ಷದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಕಟ್ಟಿ ಜೋಪಾನವಾಗಿ ಇಟ್ಟುಕೊಂಡು ನಮ್ಮಲ್ಲಿಗೆ ತಂದಿದ್ದರು. ಒಂದನ್ನೂ ಅವರು ಓದಿರಲಿಲ್ಲ, ಓದಲು ಬರುವಂತೆ ಅವು ಇರಲೂ ಇಲ್ಲ. ಕೂಡಿಸಿ ನೋಡಿದಾಗ ಹನ್ನೊಂದು ತಿಂಗಳು ಎರಡು ಸಲ ಮುಂಗಡ ಹಿಡಿದಿತ್ತು. ಇದು ಲೆಕ್ಕದ ಮೋಸ ಹೌದು. ಆದರೆ ಆ ಮೋಸ ಹನ್ನೊಂದು ತಿಂಗಳು ಅಡಗಿದ್ದು ಎಲ್ಲಿ? ಅಕ್ಷರದ ಗಾತ್ರದಲ್ಲಿ, ಅಕ್ಷರದ ಭಾಷೆಯಲ್ಲಿ. ಇದು ಜುಟ್ಟಿನ ಮಲ್ಲಿಗೆಯೋ, ಹೊಟ್ಟೆಯ ಹಿಟ್ಟೋ? ನೀವೇ ಹೇಳಿರಿ.

ಬೀದಿಯ ಬೋರ್ಡಿನ ಮೇಲೆ ಇಷ್ಟು ಕಾಳಜಿಯಿರುವ ಸರ್ಕಾರಗಳಿಗೆ ಅಂಗಡಿಯ ಒಳಗಿನ ಪೊಟ್ಟಣ ಕಾಣುವುದಿಲ್ಲ. ಪೊಟ್ಟಣಗಳ ಮೇಲಿನ ವಿವರಕ್ಕೆ ಕೇಂದ್ರ ಸರ್ಕಾರದ 2011ರ ನಿಯಮಗಳಿವೆ. ತೂಕ, ಬೆಲೆ, ತಯಾರಾದ ತಿಂಗಳು ಎಲ್ಲವನ್ನೂ ಅಚ್ಚು ಹಾಕಬೇಕು. ಅಂಕಿಯ ಎತ್ತರ ಎಷ್ಟಿರಬೇಕೆಂದು ಮಿಲಿಮೀಟರಿನಲ್ಲಿ ಹೇಳಿದೆ. ಬಹಳ ಒಳ್ಳೆಯದು. ಯಾವ ಭಾಷೆಯಲ್ಲಿ? ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ. ಬೇಕಾದರೆ! ಕಮಲಾಪುರದ ಸಣ್ಣ ಅಂಗಡಿಕಾರರು ಬೋರ್ಡಿನಲ್ಲಿ ಅರವತ್ತು ಪಾಲು ಕನ್ನಡ ಹಾಕದಿದ್ದರೆ ಅಪರಾಧಿಗಳು. ಅವರ ಕೈಯಿಂದ ಮಾರಾಟವಾಗುವ ಕೂಸಿನ ಹಾಲಿನ ಪುಡಿಯ ಡಬ್ಬಿಯಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲದಿದ್ದರೂ ಆ ನಿಯಮದ ಪ್ರಕಾರ ಕಂಪನಿ ನಿರಪರಾಧಿ. ರಾಜ್ಯದೊಳಗೆ ತಯಾರಾದ ಸರಕಿನ ಮೇಲೆ ಹೆಸರೂ ಬಳಸುವ ವಿಧಾನವೂ ಕನ್ನಡದಲ್ಲಿರಬೇಕೆಂದು ನಮ್ಮ 2022ರ ಕಾಯಿದೆಯಲ್ಲಿ ಮಾತು ಉಂಟು. 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶ ಹೊರಡಿಸಿ ಅದನ್ನು ಮತ್ತೆ ನೆನಪಿಸಿತು. ಅಂಗಡಿಗಳ ಬೋರ್ಡು ಎಣಿಸಲು ಹೊರಟ ಉತ್ಸಾಹದ ಕಾಲು ಪಾಲನ್ನಾದರೂ ಈ ಪೊಟ್ಟಣಗಳ ಕಡೆಗೆ ತೋರಿಸಲಿ, ನೋಡೋಣ.

ಇನ್ನು ಬೋರ್ಡು ಬರೆಯುವವರ ಮಾತು.

ಕಲಬುರಗಿಯ ಮಣ್ಣಿನಿಂದ 1916ರಲ್ಲಿ ಹುಟ್ಟಿಬಂದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾದ ಭಿತ್ತಿಚಿತ್ರ ಬರೆದರು, ಕ್ಯಾಲೆಂಡರಿನ ದೇವದೇವತೆಯರನ್ನು ಬರೆದರು. ಅವರ ಚಿತ್ರಗಳು ಬಡವರ ಗೋಡೆಯ ಮೇಲೆ ತಲುಪಿದಷ್ಟು ಗ್ಯಾಲರಿಯ ಯಾವ ಚಿತ್ರವೂ ತಲುಪಲಿಲ್ಲ. ದೊಡ್ಡವರು ಅದನ್ನು 'ಕಮರ್ಷಿಯಲ್' ಎಂದು ಮೂಗು ಮುರಿದ ಕಾಲವೂ ಇತ್ತು. ಇಂದು ಅವರ ಹೆಸರಿನ ರಂಗಮಂದಿರ ನಮ್ಮ ನಗರದಲ್ಲಿದೆ. ಬೀದಿಯ ಕಲೆಯಿಂದ ಮೇಲೆ ಬಂದವರ ಹೆಸರಿನ ಆ ಕಟ್ಟಡಕ್ಕೆ ಸಮಾರಂಭದ ದಿನ ಕಟ್ಟುವುದು ಕುಂಚ ಸೋಕದ ಫ್ಲೆಕ್ಸ್ ಬ್ಯಾನರ್. ನಾವು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಪಂಡಿತರಷ್ಟು ಹೆಸರಾಗದ, ಆದರೆ ಅದೇ ಕುಂಚದ ಬಳಗಕ್ಕೆ ಸೇರಿದ ಪೇಂಟರುಗಳು ಈ ಜಿಲ್ಲೆಯ ಪ್ರತಿಯೊಂದು ಪೇಟೆಯಲ್ಲಿಯೂ ಇದ್ದರು. ಅವರ ಕೆಲಸ ನೋಡಿದವರಿಗೆ ಗೊತ್ತು. ಮೊದಲು ಸುಣ್ಣದ ದಾರದಿಂದ ಗೆರೆ ಹೊಡೆಯುವುದು. ಇಂಗ್ಲಿಷಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ತಲೆಕಟ್ಟಿಗೊಂದು, ಅಕ್ಷರದ ಪಾದಕ್ಕೊಂದು, ಒತ್ತಕ್ಷರ ಇಳಿಯುವ ಜಾಗಕ್ಕೆ ಇನ್ನೊಂದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಮೊದಲೇ ಲೆಕ್ಕ. 'ಶ್ರೀ' ಎಲ್ಲಿ ಕೂರಬೇಕು, 'ಸ್ಟೋರ್ಸ್' ಎಂಬ ಕಷ್ಟದ ಶಬ್ದವನ್ನು ಹೇಗೆ ಮುಗಿಸಬೇಕು ಎಂಬುದೆಲ್ಲ ಕೈಗೆ ಬಂದ ವಿದ್ಯೆ. ಅಕ್ಷರಕ್ಕೆ ನೆರಳು ಕೊಟ್ಟರೆ ದೂರದಿಂದ ಎದ್ದು ಕಾಣುತ್ತದೆ, ಹಳದಿಯ ಮೇಲೆ ಕಪ್ಪು ಹಾಕಿದರೆ ಮಂದ ಬೆಳಕಿನಲ್ಲಿಯೂ ಓದಲು ಬರುತ್ತದೆ. ರೈಲು ನಿಲ್ದಾಣದ ಹಳದಿ ಫಲಕ ನೋಡಿರಿ. ನಮ್ಮೂರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಓದಲು ಬರುವ ಬೋರ್ಡು ಈಗಲೂ ಅದೇ ಎಂದು ನಮ್ಮ ಅಭಿಪ್ರಾಯ.

ಫ್ಲೆಕ್ಸ್ ಬಂತು. ಒಂದು ದಿನದ ಕೆಲಸ ಕಾಲು ಗಂಟೆಗೆ ಇಳಿಯಿತು. ಯಂತ್ರ ಬಂದದ್ದಕ್ಕೆ ನಾವು ಅಳುವವರಲ್ಲ. ಯಂತ್ರ ಯಾರ ಕೈಯಲ್ಲಿ, ಅದರಿಂದ ಉಳಿದ ದುಡ್ಡು ಯಾರ ಜೇಬಿಗೆ ಎಂದು ಕೇಳುವವರು. ಪೇಂಟರ್ ಕುಂಚ ಕೆಳಗಿಟ್ಟು ಆಟೋ ಓಡಿಸಿದರು, ಮನೆಗೆ ಸುಣ್ಣ ಹೊಡೆಯಲು ಹೋದರು. ಅವರ ಕೈಯ ವಿದ್ಯೆಯಲ್ಲಿ ಒಂದು ಗೆರೆಯೂ ಹೊಸ ಯಂತ್ರದೊಳಕ್ಕೆ ಹೋಗಲಿಲ್ಲ. ಪರಿಣಾಮ ಬೀದಿಯಲ್ಲಿಯೇ ಕಾಣುತ್ತದೆ. ಸಾಲಿನ ಅಂತರ ಇಂಗ್ಲಿಷಿಗೆ ಇಟ್ಟದ್ದು. ಅಲ್ಲಿ ಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರದ ಬಾಲ ಮಾತ್ರ. ಕನ್ನಡ ಹಾಕಿದಾಗ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ, ಇಲ್ಲವೆ ಕೆಳಗಿನ ಸಾಲಿನ ತಲೆಗೆ ಹೊಡೆಯುತ್ತದೆ. ಜಾಗ ತುಂಬಲೆಂದು ಅಕ್ಷರವನ್ನು ರಬ್ಬರಿನಂತೆ ಅಡ್ಡಕ್ಕೆ ಎಳೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ಪಾಡು ಅರ್ಕಾವತ್ತಿನದು. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅದು ಎಲ್ಲಿಯೋ ಹೋಗಿ ಕೂರುತ್ತದೆ, ಇಲ್ಲವೆ ಮಾಯವಾಗುತ್ತದೆ. ಕಾರ್ಮಿಕ, ವರ್ತಕ, ಸರ್ಕಾರ, ಕರ್ನಾಟಕ, ನಾಲ್ಕರಲ್ಲಿಯೂ ಅರ್ಕಾವತ್ತು ಇದೆ ಎಂಬುದನ್ನು ಮರೆಯಬಾರದು. ರಾಜ್ಯೋತ್ಸವದ ಬ್ಯಾನರಿನಲ್ಲಿಯೇ ರಾಜ್ಯದ ಹೆಸರು ಮುರಿದು ನಿಂತದ್ದನ್ನು ಓದುಗರೂ ನೋಡಿರಬಹುದು.

ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗರನ್ನು ನಾವು ಬಯ್ಯುವುದಿಲ್ಲ. ಅವರು ದಿನಗೂಲಿಯವರು. ಕನ್ನಡದ ಅಕ್ಷರವನ್ನು ಹೇಗೆ ಕೂರಿಸಬೇಕೆಂದು ಅವರಿಗೆ ಯಾರೂ ಕಲಿಸಲಿಲ್ಲ. ಅವರ ಕೈಗೆ ಸಿಕ್ಕಿದ್ದು ಯಾರೋ ಪೆನ್ ಡ್ರೈವಿನಲ್ಲಿ ಹಂಚಿದ ಹಳೆಯ ಫಾಂಟುಗಳು, ಒಂದರ ಮಾತು ಇನ್ನೊಂದಕ್ಕೆ ತಿಳಿಯದವು. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ನಮ್ಮವರೇ ಆದ ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿ ಅದಕ್ಕೆ ಬೀಗ ಹಾಕದೆ ನಾಡಿಗೆ ಬಿಟ್ಟುಕೊಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಸರ್ಕಾರಕ್ಕಾಗಿ ಗಣಕ ಪರಿಷತ್ತು 'ನುಡಿ' ಮಾಡಿತು. ಈಚಿನ ವರ್ಷಗಳಲ್ಲಿ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಅಂದದ ಯೂನಿಕೋಡ್ ಫಾಂಟುಗಳೂ ಬಂದಿವೆ. ಒಳ್ಳೆಯ ಮನಸ್ಸಿನ ಜನ ಪುಕ್ಕಟೆ ಕೊಟ್ಟದ್ದನ್ನು ಬೀದಿಯವರೆಗೆ ಮುಟ್ಟಿಸುವ ಕೆಲಸ ಮಾತ್ರ ಸರ್ಕಾರದ್ದಾಗಿತ್ತು. ಅದನ್ನು ಮಾಡಲಿಲ್ಲ, ದಂಡ ಹಾಕುವ ಕೆಲಸ ಹಿಡಿಯಿತು.

ಇನ್ನೊಂದು ವಿನೋದ ಕೇಳಿರಿ. ಫ್ಲೆಕ್ಸ್ ಬ್ಯಾನರನ್ನು ಈ ರಾಜ್ಯದಲ್ಲಿ 2016ರ ಮಾರ್ಚಿನಲ್ಲಿಯೇ ನಿಷೇಧಿಸಿದೆ. ಹೌದು, ನಿಷೇಧಿಸಿದೆ! ಮಂತ್ರಿಗಳ ಹುಟ್ಟುಹಬ್ಬಕ್ಕೆ ಊರ ತುಂಬ ಕೈಮುಗಿದು ನಿಂತ ಫ್ಲೆಕ್ಸುಗಳ ಕೆಳಗೆ ನಿಂತು ಓದುಗರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಊರಿನ ಹೆಸರಿನ ಕಥೆಯೂ ಹೀಗೆಯೇ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ಆಗಬೇಕಾದದ್ದೇ, ಜನರ ಬಾಯಲ್ಲಿ ಅದು ಎಂದೂ ಕಲಬುರಗಿಯೇ. ಆದರೆ ಆ ಬದಲಾವಣೆಯ ಬಣ್ಣದ ಖರ್ಚನ್ನು ಕೊಟ್ಟವರು ಯಾರು? ಬೋರ್ಡು, ರಸೀದಿ ಪುಸ್ತಕ, ರಬ್ಬರ್ ಮುದ್ರೆ, ಚೀಲದ ಅಚ್ಚು ಎಲ್ಲವನ್ನೂ ಸಣ್ಣ ವ್ಯಾಪಾರಿಗಳು ತಮ್ಮ ಕೈಯಿಂದ ಬದಲಿಸಿದರು. ದೊಡ್ಡವರಿಗೆ ಅಂಥ ಅವಸರವೇನೂ ಬೀಳಲಿಲ್ಲ. ವಿಶ್ವವಿದ್ಯಾಲಯ ಈಗಲೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ಐದು ವರ್ಷದ ಮೇಲೆ ತೊಗರಿ ಬೇಳೆಗೆ ಮನ್ನಣೆ ಬಂದಾಗ ಅದೂ ಗುಲ್ಬರ್ಗದ ಹೆಸರಿನಲ್ಲಿಯೇ ಬಂತು. ನಮ್ಮ ಹಳೆಯ ಬಟ್ಟೆ ಗಿರಣಿ, ಮೆಹಬೂಬ್ ಶಾಹಿ ಕುಲಬರ್ಗಾ ಗಿರಣಿ, ಮುಚ್ಚಿ ದಶಕಗಳೇ ಕಳೆದವು. ಆ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಮಾತ್ರ ಎಂ.ಎಸ್.ಕೆ. ಮಿಲ್ ಎಂದು ಬಡಾವಣೆಗೆ ಅಂಟಿ ಉಳಿದಿದೆ. ಅಲ್ಲಿ ದುಡಿದು ಬರಿಗೈಯಲ್ಲಿ ಮನೆಗೆ ಹೋದವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತು ಇದೆ. ಹೆಸರು ದಫ್ತರಿನಲ್ಲಿ ಭದ್ರ. ಹುಮನಾಬಾದ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಮಾರುವ ಹೆಣ್ಣುಮಗಳ ಮುಂದೆ ಆ ಹೆಸರಿನ ಒಂದು ರಟ್ಟಿನ ತುಂಡು ಕೂಡ ಇಲ್ಲ. ದೂರದ ಮಾಲ್‌ನಲ್ಲಿ ಅದೇ ಹಣ್ಣಿಗೆ ಸ್ಟಿಕರ್ ಅಂಟಿಸಿ ಯಾರು ಬೇಕಾದರೂ ಬೇಕಾದ ಬೆಲೆ ಬರೆಯಬಹುದು. ಅಕ್ಷರ ಇದ್ದ ಕಡೆಗೆ ಲಾಭ ಹೋಗುತ್ತದೆ. ಬೆಳೆದವರ ಕೈಗೆ ಅಕ್ಷರ ಬಂದಿಲ್ಲ.

ಈಗ ಸ್ವಲ್ಪ ನಾಜೂಕಾದ ಮಾತು. ಕನ್ನಡಕ್ಕೆ ಅರವತ್ತು ಪಾಲು ಸರಿ. ಉಳಿದ ನಲವತ್ತು ಯಾರದು? ಕಲಬುರಗಿಯ ಎಷ್ಟೋ ಬೋರ್ಡುಗಳ ಮೇಲೆ ಉರ್ದು ಇದೆ. ಖಾಜಾ ಬಂದೇನವಾಜರ ದರ್ಗಾದ ಬೀದಿಯಲ್ಲಿ ಅದು ಇಲ್ಲದೆ ಎಲ್ಲಿರಬೇಕು? ಬೆಂಗಳೂರಿನಲ್ಲಿ 2023ರ ಡಿಸೆಂಬರ್ 27ರಂದು ಬೋರ್ಡು ಕಿತ್ತು ಒಡೆದ ಚಿತ್ರಗಳನ್ನು ನೋಡಿ ನಮ್ಮೂರಿನಲ್ಲಿಯೂ ಕೆಲವರ ಕೈ ತುರಿಸುತ್ತಿದೆ. ಅಲ್ಲಿ ಒಡೆದದ್ದು ಇಂಗ್ಲಿಷಿನ ದೊಡ್ಡ ಅಂಗಡಿಗಳ ಬೋರ್ಡು. ಇಲ್ಲಿ ಏಣಿ ಹಾಕಲು ಸುಲಭವಾಗುವುದು ಉರ್ದುವಿನ ಸಣ್ಣ ಅಂಗಡಿಗೆ. ನಿಜಾಮರ ಕಾಲದಲ್ಲಿ ಉರ್ದು ಆಳುವವರ ಭಾಷೆಯಾಗಿತ್ತು, ನಿಜ. ಇಂದು ಆ ಲಿಪಿಯಲ್ಲಿ ತನ್ನ ಹೆಸರು ಬರೆಸಿಕೊಂಡ ಸೈಕಲ್ ಪಂಕ್ಚರ್ ಅಂಗಡಿಯ ಹುಡುಗ ಯಾವ ನಿಜಾಮ? ಉರ್ದು ಬರೆಯುತ್ತಿದ್ದ ಕಾತಿಬರ ಗತಿಯೂ ನಮ್ಮ ಪೇಂಟರ ಗತಿಯೇ ಆಯಿತು. 1981ರಲ್ಲಿ ನಸ್ತಾಲೀಕ್ ಲಿಪಿ ಯಂತ್ರಕ್ಕೆ ಬಂತು, ಮುಂದೆ ಕಂಪ್ಯೂಟರಿಗೆ ಇಳಿಯಿತು. ಪತ್ರಿಕೆಗಳಲ್ಲಿ ಚಾಪೆ ಹಾಸಿ ಕೂತು ಪುಟಪುಟವನ್ನೇ ಕೈಯಲ್ಲಿ ಬರೆಯುತ್ತಿದ್ದವರು ಎದ್ದು ಹೋದರು. ಕೆಲಸ ಕಳೆದುಕೊಂಡ ಇಬ್ಬರನ್ನು ಲಿಪಿಯ ಹೆಸರಿನಲ್ಲಿ ಹೊಡೆದಾಡಿಸುವುದು ಯಾರಿಗೆ ಲಾಭ?

ಸೊಲ್ಲಾಪುರದ ಕಡೆ ವ್ಯಾಪಾರಕ್ಕೆ ಹೋಗುವವರಿಗೆ ಗೊತ್ತಿರುವ ಸಂಗತಿ. ಮಹಾರಾಷ್ಟ್ರದಲ್ಲಿಯೂ 2022ರಲ್ಲಿ ಕಾಯಿದೆ ಬಂತು. ಬೋರ್ಡಿನಲ್ಲಿ ಮರಾಠಿಯ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ಮುಂಬಯಿಯ ವ್ಯಾಪಾರಿಗಳು ದೆಹಲಿಯ ನ್ಯಾಯಾಲಯದ ತನಕ ಹೋದರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳು ಗಡುವು ಕೊಟ್ಟು ಹಿಂದಕ್ಕೆ ಕಳಿಸಿತು. ಅಲ್ಲಿ ಬೇರೆ ಭಾಷೆಯ ಅಕ್ಷರವನ್ನು ಮರಾಠಿಯಷ್ಟೇ ದೊಡ್ಡದಾಗಿ ಬರೆಯಲು ಅಡ್ಡಿಯಿಲ್ಲ. ಅಕ್ಕಲಕೋಟೆಯ ಕನ್ನಡದ ಅಂಗಡಿಕಾರರು ಮರಾಠಿಯ ಪಕ್ಕದಲ್ಲಿ ಕನ್ನಡ ಬರೆದರೆ ಅದನ್ನು ಯಾರೂ ಕೆರೆದು ಹಾಕಬಾರದೆಂದು ನಾವು ಕೇಳುತ್ತೇವೆ. ಅಲ್ಲಿ ಕೇಳುವುದನ್ನು ಇಲ್ಲಿ ಕೊಡಬೇಕು. ವ್ಯಾಪಾರಿಗಳಿಗೆ ತಕ್ಕಡಿಯ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಈ ಜಿಲ್ಲೆಯಷ್ಟು ಹಳೆಯ ಅಕ್ಷರ ಕರ್ನಾಟಕದಲ್ಲಿ ಕೆಲವೇ ಕಡೆ ಸಿಗುತ್ತದೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ, 1980ರ ದಶಕದಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಎರಡೂ ಮೈಯಲ್ಲಿ ಅಶೋಕನ ಬ್ರಾಹ್ಮಿ ಶಾಸನ ಕಂಡಿತು. ಅದರಲ್ಲಿ ಹನ್ನೆರಡನೆಯ ಶಾಸನದ ಭಾಗವೂ ಇದೆ. ತನ್ನ ಪಂಥವನ್ನು ಹೊಗಳಲೆಂದು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಚಿತ್ರದ ಬಳಿ ಅವನ ಹೆಸರು ಬರೆದಿದೆ. ಅದೇ ಸ್ತೂಪದ ಕಲ್ಲುಗಳ ಮೇಲೆ ದಾನ ಕೊಟ್ಟ ಸಾಮಾನ್ಯರ ಹೆಸರುಗಳೂ ಇವೆ. ಎರಡು ಸಾವಿರ ವರ್ಷದ ಹಿಂದೆ ಕಲ್ಲು ಕೊಟ್ಟವರ ಹೆಸರಿಗೆ ಕಲ್ಲಿನ ಮೇಲೆ ಜಾಗ ಇತ್ತು.

ಅಚ್ಚಿನ ಅಕ್ಷರದ ಚರಿತ್ರೆಯನ್ನೂ ಧಣಿಗಳು ಬರೆಯಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಆ ಅಚ್ಚುಕೂಟದ ಮೊಳೆ ಕೊರೆಯುವ ವಿದ್ಯೆಯನ್ನು ಕಟ್ಟಿ ನಿಲ್ಲಿಸಿದವರು ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರ. ಕರ್ಮಕಾರ ಎಂದರೆ ನಮ್ಮ ಭಾಷೆಯಲ್ಲಿ ಕಮ್ಮಾರ. ಪುಸ್ತಕದ ಮೇಲೆ ಕೇರಿಯ ಹೆಸರಿದೆ, ಇರಲಿ. ನಮಗೆ ಹತ್ತಿರದ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿ ವಚನಗಳನ್ನು ಅಚ್ಚು ಹಾಕಿದರು. ಮೊಳೆ ಕೊಳ್ಳಲು ಮನೆ ಮಾರಿದವರ ನಾಡಿನಲ್ಲಿ ಅಕ್ಷರ ಎಂಬುದು ಸಾರ್ವಜನಿಕರ ಸೊತ್ತೋ, ಪಾನೀಯದ ಕಂಪನಿಯ ಸೊತ್ತೋ?

ಆದ್ದರಿಂದ ನಾವು ಮಹಾನಗರ ಪಾಲಿಕೆಯನ್ನೂ ಕಮಲಾಪುರದ ಪಟ್ಟಣ ಪಂಚಾಯತಿಯನ್ನೂ ಕೇಳುವುದು ಇಷ್ಟು. ಅರವತ್ತು ಪಾಲಿನ ನೋಟೀಸು ಕೊಡುವ ಮೊದಲು ಹೊಸ ಬೋರ್ಡಿನ ಖರ್ಚಿನ ಮಾತು ಮುಗಿಯಲಿ. ಸ್ವಂತ ಕೈಯಿಂದ ನಡೆಸುವ ಸಣ್ಣ ಅಂಗಡಿಗೆ ಒಂದು ಸಲದ ಬೋರ್ಡನ್ನು ಪಾಲಿಕೆಯೇ ಬರೆಸಿಕೊಡಲಿ, ಬರೆಯುವ ಕೆಲಸವನ್ನು ಕುಂಚ ಬಿಟ್ಟು ಕೂತ ಪೇಂಟರ ಸಹಕಾರ ಸಂಘಕ್ಕೆ ಕೊಡಲಿ. ಅಂಥ ಸಂಘ ಇಲ್ಲವೆನ್ನುತ್ತೀರಾ? ಕೆಲಸ ಕೊಡುತ್ತೇವೆಂದು ಹೇಳಿ ನೋಡಿರಿ, ವಾರದೊಳಗೆ ಸಂಘ ಆಗುತ್ತದೆ. ಅವರ ಜೊತೆಗೆ ಫ್ಲೆಕ್ಸ್ ಅಂಗಡಿಯ ಹುಡುಗರನ್ನು ಕೂರಿಸಲಿ. ಗೆರೆ ಹೊಡೆಯುವ ಲೆಕ್ಕ ಇವರು ಕಲಿಸಲಿ, ಕಂಪ್ಯೂಟರ್ ಅವರು ಕಲಿಸಲಿ. ಕಂಪನಿ ಕೊಟ್ಟ ಬೋರ್ಡಾದರೆ ಅಂಗಡಿಯ ಹೆಸರು ಕಂಪನಿಯ ಹೆಸರಿಗಿಂತ ದೊಡ್ಡದಿರಬೇಕೆಂದು ಠರಾವು ಮಾಡಲಿ, ತಪ್ಪಿದರೆ ನೋಟೀಸು ಕಂಪನಿಗೆ ಹೋಗಲಿ. ಕನ್ನಡದ ಕೆಳಗೆ ಇರುವ ಉರ್ದುವಿಗೋ ಮರಾಠಿಗೋ ಕೈ ಹಾಕಿದವರ ಮೇಲೆ ಮೊಕದ್ದಮೆ ಹೂಡಲಿ.

ಕಾರ್ಮಿಕ ಇಲಾಖೆಯನ್ನು ಕೇಳುವುದು ಒಂದೇ. ಪಗಾರ ಚೀಟಿ ಕನ್ನಡದಲ್ಲಿ ಇರಲಿ, ಮುರಿದ ಹಣದ ಅಂಕಿ ಮಾಲಿಕರ ಹೆಸರಿಗಿಂತ ಸಣ್ಣದಿರದಿರಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಖರ್ಚೂ ಇಲ್ಲ. ಬೆಂಗಳೂರಿನಿಂದ ಆದೇಶ ಬರುವ ತನಕ ಗಿರಣಿಯ ಗೆಳೆಯರು ಕಾಯಬೇಕಾಗಿಯೂ ಇಲ್ಲ. ಹಳೆಯ ಚೀಟಿಗಳು ಟ್ರಂಕಿನಲ್ಲಿ, ಗೋಡೆಯ ಮೊಳೆಯಲ್ಲಿ, ದೇವರ ಪಟದ ಹಿಂದೆ ಎಲ್ಲಿದ್ದರೂ ಹುಡುಕಿ ನಮ್ಮ ಕಚೇರಿಗೆ ತನ್ನಿರಿ. ಸಂಜೆ ಪಾಳಿ ಬಿಟ್ಟ ಮೇಲೆ ನಾವು ಅಲ್ಲಿಯೇ ಇರುತ್ತೇವೆ. ಒಂದೊಂದನ್ನೂ ನಿಮ್ಮೆದುರಿಗೇ ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು ಕೂಡಿಸೋಣ.